ಮುನ್ಶಿ ಶಿವರಾಯ ಮತ್ತು ಗೌರಾಬಾಯಿಯ ಬೆಕ್ಕು

ಆಳಂದದ ಕಡೆಯ ಕಿಣ್ಣಿ ಸುಲ್ತಾನ ಎಂಬ ಊರಿನಲ್ಲಿ ಆಗ ಶಿವರಾಯ ಎಂಬ ಹೆಸರಿನವರು ಗಲ್ಲಿಗೊಬ್ಬರಿದ್ದರು. ಗಾಣದ ಶಿವರಾಯ, ಹಳ್ಳದ ದಂಡೆಯ ಶಿವರಾಯ, ಸಿಟ್ಟಿನ ಶಿವರಾಯ. ಇವರ ನಡುವೆ ಕಳೆದುಹೋಗದೆ ಎದ್ದು ಕಾಣುತ್ತಿದ್ದವನು ಮುನ್ಶಿ ಶಿವರಾಯ. ಮುನ್ಶಿ ಎಂದರೆ ಯಾವ ಕಚೇರಿಯ ಮುನ್ಶಿಯೂ ಅಲ್ಲ ಮತ್ತೆ! ಜೋಳ, ತೊಗರಿ ಬೆಳೆದುಕೊಂಡಿದ್ದ ಲಿಂಗಾಯತರ ಮನೆಯ ಒಬ್ಬನೇ ಮಗ. ಹುಡುಗನಿದ್ದಾಗ ಆಳಂದದ ಸಾಲೆಯಲ್ಲಿ ಉರ್ದು ಕಲಿತಿದ್ದ, ಅಷ್ಟೇ. ನಿಜಾಮರ ರಾಜ್ಯ. ತಹಸೀಲಿನಿಂದ ಏನೇ ಹುಕುಂ ಬಂದರೂ ಉರ್ದುವಿನಲ್ಲಿ ಬರುತ್ತಿತ್ತು, ಊರವರು ಅದನ್ನು ಹಿಡಿದುಕೊಂಡು ಶಿವರಾಯನ ಕಟ್ಟೆಗೆ ಬರುತ್ತಿದ್ದರು. ಅವನು ಗಂಟಲು ಸರಿಮಾಡಿಕೊಂಡು, ರುಮಾಲು ಸರಿಮಾಡಿಕೊಂಡು, ಊರೆಲ್ಲ ತನ್ನ ಬಾಯಿಯನ್ನೇ ನೋಡುತ್ತಿದೆಯೆಂದು ಖಾತ್ರಿ ಮಾಡಿಕೊಂಡು ಆಮೇಲೆ ಓದುತ್ತಿದ್ದ.

ಆ ಉರ್ದು ಅವನ ತಲೆಗೇರಿತ್ತು. ಎತ್ತಿಗೆ ನೀರು ಕುಡಿಸಿರೆಂದು ಆಳುಗಳಿಗೆ ಹೇಳುವಾಗಲೂ ಕೂಡಲೇ ಎನ್ನದೆ "ಫೌರನ್!" ಎಂದು ಸೇರಿಸುತ್ತಿದ್ದ. "ನಮ್ಮ ಶಿವರಾಯಣ್ಣ ಕೆಮ್ಮಿದ್ರೂ ಉರ್ದುದಾಗೇ ಕೆಮ್ತಾನ" ಎಂದು ಎದುರುಮನೆಯ ಹಜರಾಬಿ ನಗುತ್ತಿದ್ದಳು. ಉರ್ದು ಅವಳ ಮನೆಮಾತು. ಆದರೆ ಅವಳಿಗೆ ಇವನ ಅರ್ಧ ಮಾತು ಅರ್ಥವಾಗುತ್ತಿರಲಿಲ್ಲ. ಅಷ್ಟು ದೊಡ್ಡ ದೊಡ್ಡ ಶಬ್ದ ಬಳಸುತ್ತಿದ್ದ ಪುಣ್ಯಾತ್ಮ.

ಒಳ್ಳೆಯವನೇ, ಅದರಲ್ಲಿ ಎರಡು ಮಾತಿಲ್ಲ. ಕುಡಿತವಿಲ್ಲ, ಜೂಜಿಲ್ಲ, ಹೆಂಡತಿಯ ಮೇಲೆ ಕೈಯೆತ್ತಿದವನಲ್ಲ. ಆದರೆ ಊರಿಗೆಲ್ಲ ಓದಿ ಹೇಳುವವನಿಗೆ ತನ್ನ ಮನೆಯಲ್ಲಿ ಏನು ನಡೆದಿದೆ ಎಂಬುದನ್ನು ಓದಲು ಬರುತ್ತಿರಲಿಲ್ಲ. ಅವನ ಹೆಂಡತಿ ಗೌರಾಬಾಯಿಗೆ ಎರಡು ಸಲ ಗರ್ಭ ನಿಂತು, ಎರಡು ಸಲವೂ ಇಳಿದುಹೋಗಿತ್ತು. ಎರಡು ಸಲವೂ ಅವನ ತಾಯಿ ಶಾರದಾಬಾಯಿ "ಎಂಥಾ ಕಾಲ್ಗುಣ ತಂದ್ಯೋ ತಾಯಿ" ಎಂದು ಪಡಸಾಲೆಯಲ್ಲಿ ಕೂತು ಊರಿಗೆಲ್ಲ ಕೇಳುವಂತೆ ಅಂದಿದ್ದಳು. ಶಿವರಾಯ ಆಗ ಏನು ಮಾಡಿದ? ರುಮಾಲು ಸುತ್ತಿಕೊಂಡು ಹೊಲಕ್ಕೆ ಹೋದ. ಮನೆಯ ಹೆಂಗಸರ ಮಾತಿನಲ್ಲಿ ಗಂಡಸು ಬಾಯಿ ಹಾಕಬಾರದೆಂದು ಅವನ ತಿಳಿವಳಿಕೆ. ಗೌರಾಬಾಯಿ ಯಾರ ಮುಂದೆಯೂ ಅಳಲಿಲ್ಲ. ಮರುದಿನ ಎದ್ದು ರೊಟ್ಟಿ ಬಡಿದಳು.

ಅವಳ ತವರು ಚೌಡಾಪುರ. ಎರಡನೆಯ ಗರ್ಭವೂ ಹೋಗಿ, ತಾಯಿಯೂ ತೀರಿಹೋದ ಮೇಲೆ ಅಲ್ಲಿಂದ ಬುಟ್ಟಿಯಲ್ಲಿ ಒಂದು ಬೆಕ್ಕಿನ ಮರಿಯನ್ನು ತಂದಿದ್ದಳು. ಅದು ಬೆಳೆದು, ಹೊಟ್ಟೆ ಬಿಟ್ಟು, ಜೋಳದ ಚೀಲಗಳ ಮೇಲೆ ಕಾಲು ಚಾಚಿ ಮಲಗುವ ಗತ್ತು ನೋಡಿ ಅದಕ್ಕೆ ಸಾವಕಾರ ಎಂದೇ ಹೆಸರಾಯಿತು. ಹೊರಗಿನಿಂದ ಯಾರಾದರೂ "ಸಾವಕಾರ್ರು ಮನ್ಯಾಗ ಅದಾರೇನ್ರಿ?" ಎಂದು ಕೂಗಿದರೆ ಆಳುಮಗಳು ಮರೆಮ್ಮ "ಯಾವ ಸಾವಕಾರ್ರು ಬೇಕ್ರಿ? ರುಮಾಲಿನವರೋ, ಬಾಲದವರೋ?" ಎಂದು ಕೇಳುತ್ತಿದ್ದಳು. ಶಿವರಾಯನಿಗೆ ಮೈ ಉರಿಯುತ್ತಿತ್ತು. ಗೌರಾಬಾಯಿ ಮಾತ್ರ ಆಗ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಆ ಮನೆಯಲ್ಲಿ ಅವಳು ನಗುತ್ತಿದ್ದದ್ದೇ ಆ ಬೆಕ್ಕಿನ ದೆಸೆಯಿಂದ.

ಮಹಾಯುದ್ಧ ನಡೆದು ಚಿಮಣಿ ಎಣ್ಣೆಗೂ ತತ್ವಾರವಿದ್ದ ವರ್ಷ ಗೌರಾಬಾಯಿ ಮೂರನೆಯ ಸಲ ಬಸುರಾದಳು. ಮನೆಯಲ್ಲಿ ಯಾರೂ ಬಾಯಿಬಿಟ್ಟು ಸಂತೋಷಪಡಲಿಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ಓಡಾಡಿದರು. ಶಾರದಾಬಾಯಿಯ ಕಣ್ಣು ಮೊದಲು ಬಿದ್ದದ್ದು ಸೊಸೆಯ ತೊಡೆಯ ಮೇಲೆ ಗುರುಗುಡುತ್ತ ಮಲಗಿದ್ದ ಸಾವಕಾರನ ಮೇಲೆ.

"ಏ ಶಿವರಾಯಾ, ಬಸುರಿ ಇದ್ದ ಮನ್ಯಾಗ ಬೆಕ್ಕ ಇರಬಾರ್ದಪಾ. ಅದ್ರ ಉಸುರು ಛಲೋ ಅಲ್ಲ. ಅದನ್ನ ಎಲ್ಲ್ಯಾರ ಬಿಟ್ಟ ಬಾ."

"ಅವ್ವಾ, ಹಂಗ ಅಂದಾಜಿಗೆ ಮಾತಾಡಬ್ಯಾಡ. ತಿಳದವರಿಗೆ ಕೇಳೂಣು" ಎಂದ ಶಿವರಾಯ. ಈ ಸಲವಾದರೂ ಎಲ್ಲ ಸರಿಯಾಗಿ ನಡೆಯಬೇಕೆಂದು ಅವನ ಮನಸ್ಸು ಒಳಗೊಳಗೇ ಒದ್ದಾಡುತ್ತಿತ್ತು. ಅದನ್ನು ಹೇಳಲು ಬಾರದೆ ಗಾಡಿ ಕಟ್ಟಿಸಿದ.

ಆಳಂದದ ದವಾಖಾನೆಗೆ ಆಗಷ್ಟೇ ಹೈದರಾಬಾದಿನಿಂದ ಮೆಹರಾಜಬೇಗಂ ಎಂಬ ಸೂಲಗಿತ್ತಿ ಬಾಯಿ ಬಂದಿದ್ದರು. ಅವರಿಗೆ ಕನ್ನಡದ ಒಂದಕ್ಷರ ಬಾರದು. ಗೌರಾಬಾಯಿಗೆ ಉರ್ದು ಬಾರದು. ಹೆಂಗಸರನ್ನು ನೋಡುವ ಕೋಣೆಗೆ ಪರದೆ, ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಹೀಗಾಗಿ ಪರದೆಯ ಹೊರಗೆ ನಿಂತು ಆ ಕಡೆಯದನ್ನು ಈ ಕಡೆ, ಈ ಕಡೆಯದನ್ನು ಆ ಕಡೆ ದಾಟಿಸುವ ಕೆಲಸ ಶಿವರಾಯನದಾಯಿತು. ಇಂಥ ಘಳಿಗೆಗಾಗಿಯೇ ತಾನು ಉರ್ದು ಕಲಿತದ್ದೆಂದು ಅವನ ಎದೆಯುಬ್ಬಿತು. ಜಗುಲಿಯ ತುಂಬ ಜನ, ಒಂದು ಕೂಸು ಕಿಟಾರನೆ ಕಿರುಚುತ್ತಿತ್ತು. ಆ ಗದ್ದಲದಲ್ಲೇ ಅವನು ಗಟ್ಟಿಯಾಗಿ, ತನ್ನ ಮನೆಯಲ್ಲೊಂದು ಬಿಲ್ಲಿ, ಅಂದರೆ ಬೆಕ್ಕು ಇದೆ, ಅದರ ಬಗ್ಗೆ ಬೇಗಂ ಅವರ ಅಭಿಪ್ರಾಯವೇನೆಂದು ಉರ್ದುವಿನಲ್ಲಿ ಕೇಳಿದ.

ಒಳಗೆ ಬೇಗಂ ಗೌರಾಬಾಯಿಯ ನಾಲಿಗೆ ನೋಡಿದರು, ಕೈ ಹಿಡಿದು ಉಗುರು ನೋಡಿದರು, "ತ್ಚು ತ್ಚು" ಎಂದರು. ಆಮೇಲೆ ಪರದೆಯತ್ತ ತಿರುಗಿ ಜೋರಾಗಿ ಏನೋ ಹೇಳಿದರು. ಹೊರಗೆ ಶಿವರಾಯನ ಕಿವಿಗೆ ಬಿದ್ದದ್ದು ಇಷ್ಟು: "ಬಿಲ್ಲಿ... ರಖ್... ದೂರ್ ರಖೋ!"

"ಕೇಳಿದೇನ?" ಎಂದು ಶಿವರಾಯ ಪರದೆಯಾಚೆಯ ಹೆಂಡತಿಗೆ ಕೂಗಿ ಹೇಳಿದ, "ಬೆಕ್ಕ ದೂರ ಇಡ್ರಿ ಅನ್ನಾಕತ್ತಾರ. ಎರಡೆರಡ ಸಲ ಒತ್ತಿ ಹೇಳಾಕತ್ತಾರ!"

ವಾಪಸು ಬರುವಾಗ ಗಾಡಿಯಲ್ಲಿ ಗೌರಾಬಾಯಿ ದಾರಿಯುದ್ದಕ್ಕೂ ಹೊರಗೆ ನೋಡುತ್ತ ಕೂತಿದ್ದಳು. ಕೊನೆಗೊಮ್ಮೆ "ನನ್ನ ಉಗರ ನೋಡಿ ಏನರೆ ಅಂದ್ರೇನ್ರಿ?" ಎಂದು ಕೇಳಿದಳು. "ಉಗರ ಹೊಲಸದಾವ ಅಂದಿರಬೇಕು, ಸ್ವಚ್ಛ ಇಟ್ಕೋ" ಎಂದು ಅವನು ಹೇಳಿದ. ಅಷ್ಟಕ್ಕೇ ಆ ಮಾತು ಮುಗಿಯಿತು.

ಬೆಕ್ಕನ್ನು ಕೊಲ್ಲುವ ಮಾತು ಯಾರ ಬಾಯಲ್ಲೂ ಬರುವಂತಿರಲಿಲ್ಲ. ಅಂಥ ಪಾಪವನ್ನು ಯಾರು ಕಟ್ಟಿಕೊಳ್ಳುತ್ತಾರೆ? ಖಜೂರಿ ಎಂಬ ಊರಲ್ಲಿ ಕಿರಾಣಿ ಅಂಗಡಿಯಿಟ್ಟಿದ್ದ ಮಲ್ಲಣ್ಣ ಶಿವರಾಯನ ಹಳೆಯ ಗೆಳೆಯ. ಅವನ ಅಂಗಡಿಯಲ್ಲಿ ಇಲಿಗಳು ಬೆಲ್ಲದ ಪೆಂಟೆಗಳನ್ನು ಕೊರೆದು ಹಾಕಿದ್ದವು. ಸಾವಕಾರನನ್ನು ಚೀಲದಲ್ಲಿ ಹಾಕಿ ಅಲ್ಲಿಗೆ ಸಾಗಿಸಿದ್ದಾಯಿತು. ಹೋಗುವ ದಿನ ಗೌರಾಬಾಯಿ ಅದಕ್ಕೊಂದು ಬಟ್ಟಲು ಹಾಲು ಕುಡಿಸಿ, ಚೀಲದ ಬಾಯಿ ತಾನೇ ಹಿಡಿದುಕೊಟ್ಟಳು. ಬೇಡ ಎನ್ನಲಿಲ್ಲ, ಬೇಕು ಎನ್ನಲಿಲ್ಲ. ಶಿವರಾಯ ಅದನ್ನು ಒಪ್ಪಿಗೆ ಎಂದುಕೊಂಡ. ಗಂಡಸರಿಗೆ ಹೆಂಗಸರ ಮೌನ ಎಷ್ಟು ಬೇಗ ಒಪ್ಪಿಗೆಯಂತೆ ಕಾಣುತ್ತದೋ ಶಿವನೇ ಬಲ್ಲ!

ಸಾವಕಾರ ಹೋದದ್ದೇ ತಡ, ಮನೆಯ ಹಿತ್ತಲಿಗೆ ಗಲ್ಲಿಯ ಬೆಕ್ಕುಗಳೆಲ್ಲ ದಂಡೆತ್ತಿ ಬಂದವು. ಅವನಿದ್ದಾಗ ಒಂದು ಬೆಕ್ಕೂ ಗೋಡೆ ದಾಟುವ ಧೈರ್ಯ ಮಾಡಿರಲಿಲ್ಲ. ಈಗ ಕರಿದು, ಬಿಳಿದು, ಕಿವಿ ಹರಿದದ್ದು, ಬಾಲ ತುಂಡಾದದ್ದು, ಎಲ್ಲ ಬಂದು ಒಲೆಯ ಬೂದಿ ಸುರಿಯುವ ಗುಂಡಿಯನ್ನು ತಮ್ಮ ಸ್ವಂತದ್ದೆಂದು ಮಾಡಿಕೊಂಡವು. ಮೆತ್ತಗಿನ ಬೂದಿ, ಕೆರೆದು ಮುಚ್ಚಲು ಸುಲಭ, ಬೆಕ್ಕಿಗೆ ಇನ್ನೇನು ಬೇಕು? ಮುಸುರೆ ಪಾತ್ರೆ ತಿಕ್ಕಲು ಗೌರಾಬಾಯಿ ದಿನಾ ಕೈ ಹಾಕುತ್ತಿದ್ದದ್ದೂ ಅದೇ ಗುಂಡಿಗೆ. ಇನ್ನೊಂದು ಗುಟ್ಟೂ ಇತ್ತು. ಈ ಸಲದ ಬಸುರಿನಲ್ಲಿ ಅವಳಿಗೆ ಬೂದಿಯ ಬಯಕೆ ಹತ್ತಿತ್ತು. ಯಾರೂ ನೋಡದಾಗ ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲಿಟ್ಟುಕೊಳ್ಳುತ್ತಿದ್ದಳು. ಮಾವಿನಕಾಯಿ, ಹುಣಸೆಕಾಯಿ ಬೇಕೆಂದು ಕೇಳಿದರೆ ತಂದುಕೊಡುವವರಿದ್ದರು. ಬೂದಿ ಬೇಕೆಂದು ಹೇಗೆ ಕೇಳುವುದು? ನಾಚಿಕೆಯಾಗಿ ಸುಮ್ಮನಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಹಜರಾಬಿಯ ಸೊಸೆಯ ಹೆರಿಗೆಗೆಂದು ಮೆಹರಾಜಬೇಗಂ ಊರಿಗೆ ಬಂದರು. ಹೆರಿಗೆ ಸುಸೂತ್ರವಾಯಿತು. ಚಹಾ ಕುಡಿದ ಮೇಲೆ, ಎದುರುಮನೆಯಲ್ಲಿ ತಾವು ನೋಡಿದ ಬಸುರಿ ಇದ್ದಾಳೆಂದು ತಿಳಿದು, ಹಜರಾಬಿಯನ್ನು ಕರೆದುಕೊಂಡು ಸೀದಾ ಹಿತ್ತಲಿಗೇ ಬಂದರು. ಬಂದು ನೋಡಿದರೆ ಗೌರಾಬಾಯಿ ಬೂದಿಗುಂಡಿಯ ಹತ್ತಿರ ಪಾತ್ರೆ ತಿಕ್ಕುತ್ತ ಕೂತಿದ್ದಾಳೆ, ಆಚೆ ಬದಿಗೆ ಬೆಕ್ಕೊಂದು ಅದೇ ಬೂದಿಯಲ್ಲಿ ತನ್ನ ಕೆಲಸ ಮುಗಿಸಿ ಕೆರೆದು ಮುಚ್ಚುತ್ತಿದೆ!

ಬೇಗಂ ಹಾಕಿದ ಕೂಗಿಗೆ ಕಟ್ಟೆಯ ಮೇಲಿದ್ದ ಶಿವರಾಯ ಬಿದ್ದಂಬೀಳ ಓಡಿಬಂದ.

"ನಾನೇನು ಹೇಳಿದ್ದೆ ನಿನಗೆ?" ಎಂದು ಅವರು ಉರ್ದುವಿನಲ್ಲಿ ಗದರಿಸಿದರು.

ಶಿವರಾಯ ಎದೆ ಸೆಟೆಸಿ ಉರ್ದುವಿನಲ್ಲೇ ಉತ್ತರ ಕೊಟ್ಟ. ತಮ್ಮ ಹುಕುಂ ಶಿರಸಾವಹಿಸಿದ್ದೇನೆ, ಬಿಲ್ಲಿಯನ್ನು ಖಜೂರಿಯಷ್ಟು ದೂರ ಇಟ್ಟಿದ್ದೇನೆ ಎಂದ.

"ಬಿಲ್ಲಿಯನ್ನು ಯಾರು ಕಳಿಸು ಅಂದರು? ಬಿಲ್ಲಿ ಕೀ ರಾಖ್! ರಾಖ್ ಸೇ ದೂರ್ ರಖೋ ಅಂದೆ ನಾನು! ರಾಖ್!"

ಶಿವರಾಯ ಕಣ್ಣು ಕಣ್ಣು ಬಿಟ್ಟ. ಹಜರಾಬಿ ಮೊದಲು ಬಾಯಿಮೇಲೆ ಕೈಯಿಟ್ಟುಕೊಂಡಳು, ಆಮೇಲೆ ತಡೆಯಲಾರದೆ ಹಿತ್ತಲ ಕಲ್ಲಿನ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಯಾ ಅಲ್ಲಾ! ಶಿವರಾಯಣ್ಣಾ, ರಾಖ್ ಅಂದ್ರ ಬೂದಿರಿ, ಬೂದಿ! ಬೆಕ್ಕ ಹೊಲಸ ಮಾಡೋ ಬೂದಿಯಿಂದ ಬಸುರೀನ್ನ ದೂರ ಇಡ್ರಿ ಅಂದಾರ ಅವರು. ನೀವು ಬೂದಿ ಮನ್ಯಾಗ ಇಟಗೊಂಡು ಬೆಕ್ಕ ಊರ ಬಿಡಿಸೀರಿ!"

ದರಖಾಸ್ತು, ಮುಲತವಿ, ಇತ್ತಲಾನಾಮೆ, ಕಚೇರಿಯ ಯಾವ ಶಬ್ದ ಕೇಳಿದರೂ ಶಿವರಾಯ ಅರ್ಥ ಹೇಳುತ್ತಿದ್ದ. ಆದರೆ ಬೂದಿಗೆ ಉರ್ದುವಿನಲ್ಲಿ ಏನೆನ್ನುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ. ತಹಸೀಲಿನ ಹುಕುಮಿನಲ್ಲಿ ಬೂದಿ ಯಾಕೆ ಬರುತ್ತದೆ? ಅದು ಒಲೆಯ ಬುಡದ ಮಾತು, ಹಜರಾಬಿಯ ಮನೆಯ ಪುಟ್ಟ ಹುಡುಗಿಗೂ ಬರುತ್ತಿದ್ದ ಮಾತು. ಅವನು ಪರದೆಯಾಚೆಯಿಂದ ಬಂದ 'ರಾಖ್' ಅನ್ನು 'ರಖೋ' ಎಂಬುದರ ಅರ್ಧ ತುಂಡು ಎಂದುಕೊಂಡಿದ್ದ. ಅವನ ಮುಖ ಆಗ ಹೇಗಾಯಿತೆಂದರೆ, ನಗುತ್ತಿದ್ದ ಹಜರಾಬಿಗೇ ಪಾಪ ಅನ್ನಿಸಿ ನಗುವುದನ್ನು ನಿಲ್ಲಿಸಿದಳು.

ನಗುವ ಮಾತಾಗಿರಲೂ ಇಲ್ಲ. ಬೇಗಂ ಗೌರಾಬಾಯಿಯ ಗದ್ದ ಹಿಡಿದು ಮತ್ತೆ ನಾಲಿಗೆ ನೋಡಿದರು. ಹಜರಾಬಿ ಮೆಲ್ಲಗೆ ಕೇಳಿದಳು, "ಬೂದಿ ತಿಂತಿಯೇನವಾ?" ಗೌರಾಬಾಯಿ ತಲೆ ತಗ್ಗಿಸಿದಳು. ಶಿವರಾಯ ಬೂದಿಗುಂಡಿಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದ. ಎರಡು ಸಲ ಆದದ್ದು ಮೂರನೆಯ ಸಲ ಆದರೆ? ಅದೂ ತನ್ನ ಬಾಯಿಂದ ಬಂದ ಒಂದು ತಪ್ಪಿನಿಂದ? ಅವನು ಹಜರಾಬಿಯ ಕಡೆ ತಿರುಗಿದ.

"ಬೇಗಂಸಾಬ್ರು ಹೇಳೂದ ಒಂದೂ ಬಿಡದಂಗ ಕನ್ನಡದಾಗ ಹೇಳವಾ ಹಜರಾಬಿ" ಎಂದ. "ನಾ ಕೇಳತೇನಿ."

ಬೇಗಂ ಹೇಳಿದರು, ಹಜರಾಬಿ ದಾಟಿಸಿದಳು. ಬೆಕ್ಕಿನ ಮೈಯಲ್ಲಿ ಕೇಡಿಲ್ಲ, ಅದರ ಹೊಲಸಿನಲ್ಲಿದೆ. ಬಸುರಿ ಆ ಹೊಲಸು ಮುಟ್ಟಬಾರದು, ಅದು ಬಿದ್ದ ಬೂದಿ, ಮಣ್ಣು ಯಾವುದಕ್ಕೂ ಕೈ ಹಾಕಬಾರದು. ಒಲೆಯಿಂದ ತೆಗೆದ ಬೂದಿಯನ್ನು ಆರಿದ ಕೂಡಲೇ ಮುಚ್ಚಳವಿರುವ ಗಡಿಗೆಗೆ ಹಾಕಬೇಕು, ಪಾತ್ರೆ ತಿಕ್ಕಲು ಅದೇ ಆಗಬೇಕು. ಹಿತ್ತಲ ಗುಂಡಿಯನ್ನು ಮುಚ್ಚಬೇಕು. ಬೆಕ್ಕಿಗೆ ದನದ ಕೊಟ್ಟಿಗೆಯ ಮೂಲೆಯಲ್ಲಿ ಬೇರೆ ಬುಟ್ಟಿ, ಅದರಲ್ಲಿ ಹಳ್ಳದ ಉಸುಕು. ಆ ಬುಟ್ಟಿಯನ್ನು ದಿನಾ ಬೇರೆ ಯಾರಾದರೂ ಖಾಲಿ ಮಾಡಬೇಕು, ಬಸುರಿಯಂತೂ ಅಲ್ಲ. ಬೆಕ್ಕನ್ನು ಎತ್ತಿ ಆಡಿಸಿದರೆ ಉಣ್ಣುವ ಮೊದಲು ಕೈ ತೊಳೆಯಬೇಕು. ಹೊಲದಿಂದ ಬಂದ ಸೊಪ್ಪು, ಸವತೆಕಾಯಿ ತೊಳೆದೇ ತಿನ್ನಬೇಕು. ಬಾಯಿ ಬೂದಿ ಕೇಳಿದರೆ ಹುರಿದ ಪುಟಾಣಿ ಕಡಲೆ ಕೊಡಬೇಕು, ನಾಚಿಕೆಪಡಬಾರದು.

"ಮತ್ತ ಬೆಕ್ಕ ಇದ್ರ ನಡೀತದೇನು?" ಎಂದು ಗೌರಾಬಾಯಿ ಮೊದಲ ಸಲ ಬಾಯಿಬಿಟ್ಟಳು.

"ಮನ್ಯಾಗ ಹಾಲು ರೊಟ್ಟಿ ತಿಂದು ಬಿದ್ದಿರೋ ಬೆಕ್ಕು, ಈ ಬೀದಿ ಬೆಕ್ಕುಗಳಿಗಿಂತ ಎಷ್ಟೋ ಮೇಲು ಅಂತಾರವಾ" ಎಂದಳು ಹಜರಾಬಿ.

ಶಿವರಾಯ ಆ ಮಧ್ಯಾಹ್ನವೇ ಗಾಡಿ ಕಟ್ಟಿದ. ಖಜೂರಿಯಲ್ಲಿ ಮಲ್ಲಣ್ಣ ಬೆಕ್ಕು ಕೊಡಲು ಸುತರಾಂ ತಯಾರಿರಲಿಲ್ಲ. ಸಾವಕಾರ ಅಲ್ಲಿ ಬೆಲ್ಲದ ಪೆಂಟೆಗಳ ಮೇಲೆ ಇನ್ನಷ್ಟು ಹೊಟ್ಟೆ ಬೆಳೆಸಿಕೊಂಡು ಕೂತಿದ್ದ.

"ಕೊಟ್ಟ ಬೆಕ್ಕ ತಿರಗಿ ಕೇಳಾಕ ಬಂದೀಯಲ್ಲೋ, ನಾಚಿಕಿ ಬರೂದಿಲ್ಲೇನು? ನನ್ನ ಅಂಗಡ್ಯಾಗ ಒಂದ ಇಲಿ ಉಳದಿಲ್ಲ!"

"ಮಲ್ಲಣ್ಣಾ, ನಾ ರಾಖ್ ಅಂದ್ರ ರಖೋ ಅಂತ ತಿಳಕೊಂಡೆ" ಎಂದು ಶಿವರಾಯ ನಡೆದದ್ದನ್ನೆಲ್ಲ ಹೇಳಿದ. ಬೇರೆ ದಿನವಾಗಿದ್ದರೆ ಸತ್ತರೂ ಹೇಳುತ್ತಿರಲಿಲ್ಲ. ಮಲ್ಲಣ್ಣ ತಕ್ಕಡಿ ಕೆಳಗಿಟ್ಟು ನಕ್ಕ, ಗಿರಾಕಿಗಳು ನಕ್ಕರು, ಖಜೂರಿಯ ಅರ್ಧ ಬಜಾರು ನಕ್ಕಿತು. ಆ ನಗುವಿನ ಬೆಲೆಗೆ ಬೆಕ್ಕು ಸಿಕ್ಕಿತು.

ಮನೆಯಲ್ಲಿ ಹೊಸ ಗಲಾಟೆ ಶುರುವಾಯಿತು. ಉಸುಕಿನ ಬುಟ್ಟಿ ಯಾರು ಎತ್ತಬೇಕು? ಶಾರದಾಬಾಯಿ "ಲಿಂಗಪೂಜಿ ಮಾಡೋ ಕೈ ನಂದು" ಎಂದು ಮೂಗು ಮುರಿದಳು. ಮರೆಮ್ಮ "ದನದ ಸಗಣಿ ಬಳೀತೇನ್ರಿ, ಬೆಕ್ಕಿಂದ ಒಲ್ಲೆ. ನನ್ನ ಸೊಸಿನೂ ಬಸುರದಾಳ, ಆಕಿಗಿ ಹತ್ತಿದ್ರ?" ಎಂದಳು. ಆ ಮಾತು ನ್ಯಾಯವಾಗಿತ್ತು. ಉಳಿದವನು ಒಬ್ಬನೇ. ಮುನ್ಶಿ ಶಿವರಾಯ ರುಮಾಲು ತೆಗೆದು ಗೂಟಕ್ಕೆ ಹಾಕಿ, ಧೋತರ ಎತ್ತಿ ಕಟ್ಟಿ, ಬುಟ್ಟಿ ಹೊತ್ತುಕೊಂಡು ಊರ ಹೊರಗಿನ ತಿಪ್ಪೆಗೆ ನಡೆದ. ಗುಂಡಿ ತೋಡಿ ಹೂತ, ಸೀಗೆಪುಡಿ ಹಾಕಿ ಮೊಳಕೈತನಕ ಕೈ ತಿಕ್ಕಿಕೊಂಡ. ಮರುದಿನವೂ ಹೋದ. ಕಟ್ಟೆಯ ಮೇಲೆ ಕೂತವರು "ಏನ್ರಿ ಮುನ್ಶಿಸಾಬ್, ಯಾವ ಕಚೇರಿಗಿ ಸವಾರಿ?" ಎಂದು ಕೇಳುತ್ತಿದ್ದರು. "ಸಾವಕಾರ್ರ ಕಚೇರಿಗಿ" ಎನ್ನುತ್ತಿದ್ದ ಅವನು, ನಿಲ್ಲದೆ. ಮೊದಮೊದಲು ಕಿವಿ ಕೆಂಪಾಗುತ್ತಿತ್ತು. ಆಮೇಲೆ ಅವನೇ ಮುಂದಾಗಿ ನಗುತ್ತಿದ್ದ. ಆ ತಿಂಗಳುಗಳಲ್ಲಿ ಊರವರು ಅವನ ಬಾಯಿಂದ "ಫೌರನ್" ಕೇಳಿದ್ದು ಬಹಳ ಕಡಿಮೆ.

ಹಿತ್ತಲ ಗುಂಡಿಗೆ ಅವನೇ ಕೆಮ್ಮಣ್ಣು ಹಾಕಿ ತುಳಿದು ಗಟ್ಟಿ ಮಾಡಿದ. ಸಾವಕಾರ ಗೋಡೆಯ ಮೇಲೆ ಒಂದು ಸುತ್ತು ಬಂದು ಗಲ್ಲಿಯ ಬೆಕ್ಕುಗಳಿಗೆಲ್ಲ ತಕ್ಕ ಶಾಸ್ತಿ ಮಾಡಿದ. ಗೌರಾಬಾಯಿಯ ಮಡಿಲಲ್ಲಿ ಯಾವಾಗಲೂ ಪುಟಾಣಿ ಇರುತ್ತಿತ್ತು. ಬೂದಿಯ ಆಸೆ ಬಂದಾಗ ಕಟುಂ ಕಟುಂ ಎಂದು ಜಗಿಯುತ್ತಿದ್ದಳು. ಬೆಕ್ಕು ತೊಡೆಯ ಮೇಲಿದ್ದರೆ ಶಿವರಾಯ ತಾನೇ ತಂಬಿಗೆ ನೀರು ತಂದು "ಕೈ ತೊಳ್ಕೋ" ಎಂದು ನಿಲ್ಲುತ್ತಿದ್ದ. ಇದೆಲ್ಲ ನೋಡಿ ಶಾರದಾಬಾಯಿ "ನನ್ನ ಮಗಾ ಸೂಲಗಿತ್ತಿ ಆದಾ" ಎಂದು ಗೊಣಗಿದಳು. ಆದರೂ ಸೊಪ್ಪು ತೊಳೆಯುವ ನೀರು ಮಾತ್ರ ಎರಡೆರಡು ಸಲ ಬದಲಿಸುತ್ತಿದ್ದಳು. ಅವಳಿಗೂ ಮೊಮ್ಮಗು ಬೇಕಿತ್ತಲ್ಲ.

ಶೀಗಿ ಹುಣ್ಣಿಮೆ ಕಳೆಯಿತು, ದೀಪಾವಳಿ ಕಳೆಯಿತು, ಎಳ್ಳಮಾವಾಸ್ಯೆಗೆ ಹೊಲದಲ್ಲಿ ಎಡೆಯ ಚರಗ ಚೆಲ್ಲಿದ್ದೂ ಆಯಿತು. ಬಸುರು ನಿಂತಿತ್ತು. ಜೋಳದ ತೆನೆ ಮುರಿಯುವ ಹೊತ್ತಿಗೆ, ಒಂದು ಮುಂಜಾನೆ, ಮೆಹರಾಜಬೇಗಂ ಕೈಯಲ್ಲಿ ಹೆಣ್ಣುಕೂಸು ಹುಟ್ಟಿ ಹಿತ್ತಲವರೆಗೂ ಕೇಳುವಂತೆ ಅತ್ತಿತು. ಎಲ್ಲ ನೆಟ್ಟಗಿತ್ತು. ಶಿವರಾಯ ಊರಿಗೆಲ್ಲ ಬೆಲ್ಲ ಹಂಚಿದ.

ಕೂಸು ಒಂದಿಷ್ಟು ಕಣ್ಣು ಬಿಟ್ಟು ನೋಡತೊಡಗಿದ ಮೇಲೆ, ಒಂದು ದಿನ ಬೆಳಗಿನ ಬಿಸಿಲಲ್ಲಿ ಅವನು ಬಾಣಂತಿ ಕೋಣೆಯ ಹೊಸ್ತಿಲ ಹೊರಗೆ ನಿಂತಿದ್ದ. ತೊಟ್ಟಿಲಿಗೆ ಹಾರದಂತೆ ಬೆಕ್ಕನ್ನು ಕಂಕುಳಲ್ಲಿ ಅಮುಕಿಕೊಂಡಿದ್ದ. ಬಹಳ ದಿನದಿಂದ ಕೊರೆಯುತ್ತಿದ್ದುದನ್ನು ಕೇಳಿಯೇ ಬಿಟ್ಟ.

"ಅಲ್ಲಾ, ಅವತ್ತ ನಾ ಇದನ್ನ ಖಜೂರಿಗಿ ಒಯ್ಯುವಾಗ ಬ್ಯಾಡ ಅಂತ ಒಂದ ಮಾತ ಯಾಕ ಅನ್ಲಿಲ್ಲ ನೀ? ಜೀವಾ ಇಟ್ಟ ಸಾಕಿದ್ದಿ."

ಗೌರಾಬಾಯಿ ಕೂಸಿನ ಕುಲಾವಿ ಸರಿಮಾಡಿದಳು.

"ಬ್ಯಾಡ ಅಂದು, ಆಮ್ಯಾಲ ಏನರೆ ಆಗಿದ್ರ? ಎರಡ ಸಲ ಹೋದಾಗ ನನ್ನ ಕಾಲ್ಗುಣ ಅಂದ್ರು ಅತ್ತಿಯವ್ರು. ನೀವ ಅನ್ಲಿಲ್ಲ, ಖರೆ. ಆದ್ರ ಅಲ್ಲಂತನೂ ಅನ್ಲಿಲ್ಲ. ಈ ಸಲ ಬೆಕ್ಕಿತ್ತು. ಹೆಚ್ಚು ಕಮ್ಮಿ ಆದ್ರ ತಪ್ಪ ಬೆಕ್ಕಿನ ಮ್ಯಾಲೆ ಹಾಕ್ತಾರ, ನನ್ನ ಮ್ಯಾಲೆ ಹಾಕೂದಿಲ್ಲ ಅಂತ ಒಂದ ಧೈರ್ಯ ಇತ್ತು ನೋಡ್ರಿ. ನೀವ ಅದನ್ನೂ ಚೀಲದಾಗ ಹಾಕ್ಕೊಂಡ ಹೋದ್ರಿ. ಅವತ್ತಿನಿಂದ ಮನ್ಯಾಗ ಉಳದಾಕಿ ನಾ ಒಬ್ಬಾಕೀನ ಆದೆ."

ಇಷ್ಟು ವರ್ಷ ಇವಳು ಈ ಮನೆಯಲ್ಲಿ ಇಂಥ ಭಯ ಹೊತ್ತು ರೊಟ್ಟಿ ಬಡಿಯುತ್ತಿದ್ದಳೇ! ಪಡಸಾಲೆಯಲ್ಲಿ ಅವನ ತಾಯಿ ಮೊರದಲ್ಲಿ ಕಡಲೆ ಕೇರುತ್ತಿದ್ದಳು. ಶಿವರಾಯ ಬೆಕ್ಕನ್ನು ಹೊರಗೆ ಬಿಟ್ಟು, ಕೈ ತೊಳೆದುಕೊಂಡು ಬಂದು, ಗಂಡಸರು ಕಾಲಿಡದ ಆ ಕೋಣೆಯೊಳಗೆ ಹೋಗಿ ಬಾಗಿಲು ಮುಂದೆ ಮಾಡಿ, ಹೆಂಡತಿಯ ಹೊರಸಿನ ಮಂಚದ ಹತ್ತಿರ ನೆಲದ ಮೇಲೆ ಕೂತ. ಹೆಂಡತಿಯನ್ನು ಎಂದೂ ಹೆಸರು ಹಿಡಿದು ಕರೆದವನಲ್ಲ.

"ಗೌರಾ," ಎಂದ, ಪಡಸಾಲೆಗೂ ಕೇಳುವಷ್ಟು ಗಟ್ಟಿಯಾಗಿ. "ಆ ಎರಡ ಕೂಸು ನಿನ್ನಿಂದ ಹೋಗ್ಲಿಲ್ಲ. ನಿನ್ನ ತಪ್ಪ ಏನೂ ಇರಲಿಲ್ಲ. ಅವತ್ತೇ ಹೇಳಬೇಕಿತ್ತ ನಾ, ಹೇಳಲಿಲ್ಲ."

ಮೊರದ ಸದ್ದು ನಿಂತಿತು. ಗೌರಾಬಾಯಿ ಅವನ ಮುಖವನ್ನೇ ನೋಡಿದಳು. ಹೋದ ಎರಡಕ್ಕೂ ಅಳದೆ ಇಟ್ಟುಕೊಂಡಿದ್ದ ಅಳು ಒಮ್ಮೆಲೇ ಒತ್ತರಿಸಿ ಬಂತು. ಕೂಸನ್ನು ಎದೆಗವುಚಿಕೊಂಡು ಮೈಯೆಲ್ಲ ಅಲುಗುವಂತೆ ಅತ್ತಳು. ಕೂಸೂ ಗಾಬರಿಯಾಗಿ ಅಳತೊಡಗಿತು.

ಬಾಗಿಲು ತೆರೆದು ಶಾರದಾಬಾಯಿ ಒಳಗೆ ಬಂದಳು. ಮಗನ ಮುಖ ನೋಡಲಿಲ್ಲ. ಸೀದಾ ಹೊರಸಿನ ಹತ್ತಿರ ಹೋಗಿ, ಬಾಗಿ, ಎರಡೂ ಕೈ ಚಾಚಿದಳು.

"ಕೂಸಿನ್ನ ಇಲ್ಲಿ ಕೊಡವಾ," ಎಂದಳು. "ನೀ ಅಳೂದ ಮುಗಸು."